ಸತ್ಯಾಂಶ: ಸ್ಕ್ಯಾನ್ ಯಂತ್ರ ಮನಸ್ಸಿನೊಳಗಿನ ಮುಖದ ಫೋಟೋ ತೆಗೆಯುತ್ತದೆಯೇ?

ಮೆದುಳನ್ನು ಸ್ಕ್ಯಾನ್ ಮಾಡುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿದರೆ ಸಾಕು, ಮನಸ್ಸಿನಲ್ಲಿರುವವರ ಫೋಟೋ ಪರದೆ ಮೇಲೆ ಬರುತ್ತದೆ ಅಂತ ಒಂದು ವಾಟ್ಸಾಪ್ ಸಂದೇಶ ಹೇಳುತ್ತದೆ. ಇದು ನಿಜವಲ್ಲ.

ಮೆದುಳಿನ ಯಾವ ಭಾಗ ಜಾಸ್ತಿ ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಅಳೆಯುವುದು ಅದನ್ನಷ್ಟೇ. ಅದೂ ತಡವಾಗಿ, ರಕ್ತದ ಹರಿವು ಏರಲು ಸುಮಾರು 5 ಸೆಕೆಂಡ್ ಬೇಕು.

1997ರಲ್ಲಿ ಅಮೆರಿಕದ ಮೆದುಳು ವಿಜ್ಞಾನಿ ನ್ಯಾನ್ಸಿ ಕ್ಯಾನ್ವಿಷರ್ ಮತ್ತು ಸಂಗಡಿಗರು ಇದೇ ಯಂತ್ರದಲ್ಲಿ ಮಲಗಿದ ಜನರಿಗೆ ಮುಖಗಳ ಚಿತ್ರ ತೋರಿಸಿದರು, ಮನೆ, ವಸ್ತುಗಳ ಚಿತ್ರವನ್ನೂ ತೋರಿಸಿ ಹೋಲಿಸಿದರು. ಮುಖ ಕಂಡಾಗ ಮೆದುಳಿನ ತಳಭಾಗದ ಪುಟ್ಟ ಜಾಗವೊಂದು ಹೆಚ್ಚು ಚುರುಕಾಯಿತು. ಬಹುತೇಕರಲ್ಲಿ ಅದು ಬಲಗಡೆ. ಎಷ್ಟು ಚೆಂದದ ಪ್ರಯೋಗ, ಅಲ್ವಾ? ಆದರೆ ‘ಮುಖ ನೋಡುತ್ತಿದ್ದಾರೆ’ ಅನ್ನುವುದು ಬೇರೆ, ‘ಯಾರ ಮುಖ’ ಅನ್ನುವುದು ಬೇರೆ.

ಒಬ್ಬರಿಗೆ ನೂರಾರು ಮುಖ ತೋರಿಸಿ, ಆಗ ತೆಗೆದ ಮೆದುಳಿನ ಸ್ಕ್ಯಾನ್‌ಗಳಿಂದ ಕಂಪ್ಯೂಟರನ್ನು ಪಳಗಿಸಿದ ಮೇಲೆ, ಅವರು ನೋಡಿದ ಹೊಸ ಮುಖವನ್ನು ಅದು ಸ್ಕ್ಯಾನ್ ನೋಡಿ ಮಸುಕಾಗಿ ಊಹಿಸಿದ್ದುಂಟು. ಅದು ಊಹೆ, ಫೋಟೋ ಅಲ್ಲ.