ಹೆಪ್ಪುಗಟ್ಟಿದ ಕೆಸರಿನ ನ್ಯಾಷನಲ್ಸ್, ಮತ್ತೆ ನಮ್ಮ ಕೆಸರುಗದ್ದೆ

ರಾಷ್ಟ್ರಮಟ್ಟದ ಸ್ಪರ್ಧೆ ಅಂದ ಕೂಡ್ಲೆ ನಮ್ಮ ಕಡೆಯೋರು ಇದು ನಮ್ಮಂಥೋರಿಗಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ. ತಾಲ್ಲೂಕಲ್ಲಿ ಗೆಲ್ಬೇಕು, ಜಿಲ್ಲೆಗೆ ಸೆಲೆಕ್ಟ್ ಆಗ್ಬೇಕು, ರಾಜ್ಯಕ್ಕೆ ಆಗ್ಬೇಕು, ವಯಸ್ಸು ಇಪ್ಪತ್ತರ ಆಸುಪಾಸಲ್ಲಿರ್ಬೇಕು, ಬೆನ್ನಿಗೊಬ್ಬ ಕೋಚ್ ಇರ್ಬೇಕು. ನಾನು ಕೊಪ್ಪದ ಕಡೆಯವನು, ಪಿಯುಸಿ ಮುಗಿದ ಮೇಲೆ ಆಟ ಅಂದ್ರೆ ಟಿವೀಲಿ ನೋಡೋದು ಅಂತಲೇ ನಂಬ್ಕೊಂಡು ಬೆಳೆದೋನು. ಈಗ ಅಮೆರಿಕಾದ ಮ್ಯಾಸಚೂಸೆಟ್ಸಲ್ಲಿದೀನಿ, ನಲವತ್ತು ದಾಟಿದೆ, ಬೆಳಗ್ಗಿಂದ ಸಂಜೆ ತನಕ ಕಂಪ್ಯೂಟರ್ ಮುಂದಿನ ಕೆಲಸ, ಆದ್ರೂ ಈ ದೇಶದ ಸೈಕ್ಲೋಕ್ರಾಸ್ ನ್ಯಾಷನಲ್ ಚಾಂಪಿಯನ್‌ಷಿಪ್ಪಲ್ಲಿ ಬೆನ್ನಿಗೆ ನಂಬರ್ ಪಿನ್ ಮಾಡ್ಕೊಂಡು ರೇಸ್ ಮಾಡಿದೀನಿ. ನಾನು ದೊಡ್ಡ ಸೈಕ್ಲಿಸ್ಟು ಅಂತಲ್ಲ, ಇಲ್ಲಿಯ ವ್ಯವಸ್ಥೆಯೇ ಹಾಗಿದೆ, ಆ ವ್ಯವಸ್ಥೆ ಬಗ್ಗೆ ನಮ್ಮೋರಿಗೆ ಹೇಳ್ಬೇಕು ಅಂತ ಬಹಳ ದಿನದಿಂದ ಅನಿಸ್ತಿತ್ತು.

ಸೈಕ್ಲೋಕ್ರಾಸ್ ಏನಂತ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ರೋಡ್ ಸೈಕಲ್ ಥರನೇ ಬಾಗಿದ ಹ್ಯಾಂಡಲ್ ಇರೋ ಸೈಕಲ್, ಟೈರ್ ಮಾತ್ರ ಸ್ವಲ್ಪ ದಪ್ಪ (ಅಂತಾರಾಷ್ಟ್ರೀಯ ರೇಸಲ್ಲಿ 33 ಮಿಲಿಮೀಟರ್ ದಾಟೋ ಹಾಗಿಲ್ಲ), ಪಾರ್ಕಿನ ಹುಲ್ಲು, ಕೆಸರು, ಮರಳು, ಏರು, ಮೆಟ್ಟಿಲು ಎಲ್ಲ ಸೇರಿಸಿ ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು ಮಾಡ್ತಾರೆ, ನಡುವೆ 40 ಸೆಂಟಿಮೀಟರ್ ತನಕ ಎತ್ತರದ ಹಲಗೆ ಅಡ್ಡ ಇಟ್ಟಿರ್ತಾರೆ, ಅಲ್ಲಿ ಇಳಿದು ಸೈಕಲ್ ಎತ್ಕೊಂಡು ಹಾರಿ ಮತ್ತೆ ಹತ್ಬೇಕು, ಕಡಿದಾದ ಏರು ಬಂದ್ರೆ ಸೈಕಲ್ ಹೆಗಲಿಗೇರಿಸಿ ಓಡ್ಬೇಕು. ಎಲೀಟ್ ಅಂದ್ರೆ ಎಲ್ಲಕ್ಕಿಂತ ಮೇಲಿನ ದರ್ಜೆ ಗಂಡಸರ ರೇಸು ಒಂದು ಗಂಟೆ, ನಮ್ಮಂಥ ವಯಸ್ಸಾದೋರದು ಮುಕ್ಕಾಲು ಗಂಟೆ ಹತ್ರ ಹತ್ರ. ಫ್ರಾನ್ಸಲ್ಲಿ 1902ರಲ್ಲೇ ಇದಕ್ಕೆ ರಾಷ್ಟ್ರೀಯ ಸ್ಪರ್ಧೆ ಆಗಿತ್ತು. 1950ರಲ್ಲಿ ಪ್ಯಾರಿಸಲ್ಲಿ ಮೊದಲ ವರ್ಲ್ಡ್ ಚಾಂಪಿಯನ್‌ಷಿಪ್ ಆದಾಗ ಗೆದ್ದೋನು ಜ್ಯಾನ್ ರೊಬಿಕ್, ಅದಕ್ಕೆ ಮೂರು ವರ್ಷ ಮುಂಚೆ ಟೂರ್ ದ ಫ್ರಾನ್ಸ್ ಗೆದ್ದಿದ್ದೋನು. ಈಗ ಬೆಲ್ಜಿಯಮ್ ಇದರ ತವರು, ಅಲ್ಲಿ ಟಿಕೆಟ್ ತಗೊಂಡು ಸಾವಿರಾರು ಜನ ಕೆಸರಲ್ಲಿ ನಿಂತು ನೋಡ್ತಾರೆ. ಅಮೆರಿಕಾದಲ್ಲಿ ನೋಡೋರು ಕಮ್ಮಿ, ಆಡೋರೇ ಜಾಸ್ತಿ, ನಂಗೆ ಹಿಡಿಸಿದ್ದೂ ಅದೇ.

2017ರ ಜನವರೀಲಿ ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡಲ್ಲಿ ನ್ಯಾಷನಲ್ಸ್ ಇತ್ತು, ನದಿ ದಡದ ರಿವರ್‌ಸೈಡ್ ಪಾರ್ಕಲ್ಲಿ. ನನ್ನ ಏಜ್ ಗ್ರೂಪಿಗೂ ರೇಸಿತ್ತು. ಆ ವಾರದ ಶುರೂಲಿ ಕೆಸರು, ಆಮೇಲೆ ಹಿಮ, ಕೊನೇ ದಿನ ಪೂರ್ತಿ ಮಂಜುಗಡ್ಡೆ. ಚಳಿಗಾಲದ ನ್ಯಾಷನಲ್ಸಲ್ಲಿ ಒಂದೇ ಕೋರ್ಸು ಬೆಳಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಬೆಳಗ್ಗೆ ಎಂಟಕ್ಕೆ ಹೋದ್ರೆ ಹಿಂದಿನ ದಿನ ನೂರಾರು ಟೈರು ಕೊರೆದ ಜಾಡು ಹಾಗ್ಹಾಗೇ ಹೆಪ್ಪುಗಟ್ಟಿರುತ್ತೆ, ಕೊಯ್ಲಾದ ಗದ್ದೇಲಿ ಬೇಸಿಗೆ ಹೊತ್ತಿಗೆ ದನದ ಹೆಜ್ಜೆ ಒಣಗಿ ಕಲ್ಲಾಗಿರುತ್ತಲ್ಲ ಹಾಗೆ. ಮುಂದಿನ ಚಕ್ರ ಒಂದ್ಸಲ ಆ ಜಾಡೊಳಗೆ ಬಿದ್ರೆ ಅದು ಕರ್ಕೊಂಡು ಹೋದ ಕಡೆಗೇ ಹೋಗ್ಬೇಕು, ಬ್ರೇಕ್ ಹಿಡಿಯೋ ಹಾಗಿಲ್ಲ, ಹ್ಯಾಂಡಲ್ ತಿರುಗಿಸೋ ಹಾಗಿಲ್ಲ, ಮೈಭಾರ ಹಿಂದಕ್ಕೆ ಹಾಕಿ ಕಣ್ಣು ದೂರಕ್ಕೆ ಇಟ್ಕೊಂಡು ಪೆಡಲ್ ತುಳೀತಾ ಇರ್ಬೇಕು ಅಷ್ಟೇ. ಹತ್ತು ಹನ್ನೊಂದು ಗಂಟೆಗೆ ಬಿಸಿಲು ಬಿದ್ರೆ ಮೇಲಿನ ಅರ್ಧ ಇಂಚು ಮಾತ್ರ ಕರಗುತ್ತೆ, ಕೆಳಗೆ ಮಂಜುಗಡ್ಡೆ ಹಾಗೇ ಇರುತ್ತೆ, ಎಲ್ಲಕ್ಕಿಂತ ಅಪಾಯದ ಹೊತ್ತು ಅದು, ನೋಡಿದ್ರೆ ಬರೀ ಕೆಸರು ಅನ್ಸುತ್ತೆ, ಚಕ್ರ ಇಟ್ರೆ ನೆಲನೇ ಸಿಗಲ್ಲ. ಮಧ್ಯಾಹ್ನಕ್ಕೆ ಪೂರ್ತಿ ಕೆಸರು, ಕತ್ತಲಾಗ್ತಿದ್ದ ಹಾಗೆ ಮತ್ತೆ ಹೆಪ್ಪು.

ಅದಕ್ಕೇ ಎಲ್ರೂ ಟೈರು ಮತ್ತೆ ಗಾಳಿ ಬಗ್ಗೆನೇ ಮಾತಾಡ್ತಿರ್ತಾರೆ. ಗಾಳಿ ಇಪ್ಪತ್ತು ಪೌಂಡಿನ ಆಸುಪಾಸಿಗೆ ಇಳಿಸಿದ್ರೆ ಹಿಡಿತ ಸಿಗುತ್ತೆ, ಆದ್ರೆ ಗಟ್ಟಿ ಜಾಡಿಗೆ ಬಡಿದು ರಿಮ್ಮೇ ಪೆಟ್ಟು ತಿನ್ನುತ್ತೆ, ಪಂಚರ್ ಆಗುತ್ತೆ. ಜಾಸ್ತಿ ಹಾಕಿದ್ರೆ ಜಾರುತ್ತೆ. ಇನ್ನು ಚಳಿ. ಸ್ಟಾರ್ಟ್ ಲೈನಲ್ಲಿ ಕೊನೇ ನಿಮಿಷದ ತನಕ ಜಾಕೆಟ್ ಹಾಕ್ಕೊಂಡು ನಿಂತಿರ್ತೀವಿ, ಕಾಲಿಗೆ ಉರಿ ಬರೋ ಮುಲಾಮು ತಿಕ್ಕಿರ್ತೀವಿ, ಸೀಟಿ ಹೊಡೆದ ಮೇಲೆ ಐದು ನಿಮಿಷದಲ್ಲಿ ಮೈ ಬೆವರುತ್ತೆ ಆದ್ರೆ ಬೆರಳು ಮರಗಟ್ಟೇ ಇರುತ್ತೆ. ಈ ಪೆಡಲಿಗೆ ಶೂ ಕ್ಲಿಪ್ ಥರ ಕಚ್ಕೊಳ್ಬೇಕು, ಹಿಮ ಪೆಡಲ್ ಸಂದೀಲಿ ತುಂಬ್ಕೊಂಡು ಶೂ ಕಚ್ಚಲ್ಲ, ಪ್ರತಿ ಸಲ ಇಳಿದು ಹತ್ತಿದಾಗ್ಲೂ ಒದ್ದು ಒದ್ದು ಉದುರಿಸ್ಬೇಕು. ತಣ್ಣನೆ ಗಾಳಿ ಎಳ್ಕೊಂಡು ಎಳ್ಕೊಂಡು ರೇಸ್ ಮುಗಿದ ಮೇಲೆ ಸಂಜೆ ತನಕ ಒಣ ಕೆಮ್ಮು. ಇದೆಲ್ಲ ಕೇಳಿ ನಮ್ಮಮ್ಮ ಫೋನಲ್ಲಿ "ಎಂತಕ್ಕೆ ಮಾರಾಯಾ ಈ ಚಳೀಲಿ, ಮನೇಲಿ ಬೆಚ್ಚಗೆ ಕೂರಕ್ಕಾಗಲ್ವಾ" ಅಂದ್ರು. ನಾನು "ಅಮ್ಮಾ, ಆಷಾಢದ ಮಳೇಲಿ ನೀವು ಕಂಬಳಿಕೊಪ್ಪೆ ಹಾಕ್ಕೊಂಡು ಸಸಿ ನೆಡ್ತಿರ್ಲಿಲ್ವಾ" ಅಂದೆ. "ಅದು ಕೆಲಸ ಕಣೋ, ಇದೆಂತ" ಅಂದ್ರು. ಅವರು ಹೇಳಿದ್ರಲ್ಲಿ ನಮ್ಮ ಕಡೆಯ ಇಡೀ ಧೋರಣೆ ಇದೆ ಅಂತ ನಂಗನ್ಸುತ್ತೆ, ದೊಡ್ಡೋರಾದ ಮೇಲೆ ಮೈ ದಣಿಸೋದು ಕೆಲಸಕ್ಕೆ ಮಾತ್ರ, ಆಟಕ್ಕಲ್ಲ.

ಇಲ್ಲಿ ಹಾಗಿಲ್ಲ. ಅದೇ ಹಾರ್ಟ್‌ಫರ್ಡಲ್ಲಿ ಭಾನುವಾರ ಸ್ಟೀಫನ್ ಹೈಡ್ ಮೊದಲ ಸಲ ಎಲೀಟ್ ಟೈಟಲ್ ಗೆದ್ದ, ಕೇಟಿ ಕಾಂಪ್ಟನ್ ಸತತ 13ನೇ ಸಲ ಗೆದ್ಲು (15ರ ತನಕ ಹೋಯ್ತು ಅದು, 2021ರಲ್ಲಿ ಡೋಪಿಂಗ್ ಪ್ರಕರಣದಲ್ಲಿ ನಾಲ್ಕು ವರ್ಷದ ನಿಷೇಧ ಆಗಿದ್ದು ಅವಳನ್ನ ಇಷ್ಟಪಡ್ತಿದ್ದ ನಮಗೆಲ್ಲ ದೊಡ್ಡ ನೋವು). ಅವರು ಓಡಿಸಿದ ಪಾರ್ಕಲ್ಲೇ ಅದೇ ವಾರ ಹೈಸ್ಕೂಲ್ ಹುಡುಗ್ರು, ಕಾಲೇಜಿನೋರು, ಮೂವತ್ತರಿಂದ ಶುರುವಾಗಿ ಐದೈದು ವರ್ಷಕ್ಕೊಂದು ಗುಂಪಿನ ಹಾಗೆ ಎಪ್ಪತ್ತರ ತನಕದ ಗಂಡಸರು ಹೆಂಗಸರು ಎಲ್ಲ ಓಡಿಸಿದ್ರು. ನಿಜವಾಗ್ಲೂ ಎಪ್ಪತ್ತು. ಪ್ರತಿ ಗುಂಪಿಗೂ ಒಬ್ಬ ನ್ಯಾಷನಲ್ ಚಾಂಪಿಯನ್ನು, ಅವರಿಗೂ ಅಮೆರಿಕಾ ಬಾವುಟದ ನಕ್ಷತ್ರ ಪಟ್ಟೆಯ ಅದೇ ಥರದ ಜೆರ್ಸಿ. ಬಡಗಿ, ನರ್ಸು, ಮೇಷ್ಟ್ರು, ಎಲ್ಲ ಥರದೋರೂ ಇರ್ತಾರೆ. ಕಾಲಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ಪಲ್ಲಿ ಟೈಮ್ ತಗೀತಾರೆ, ಕೊನೇಲಿ ಬಂದೋರ ಹೆಸರೂ ಫಲಿತಾಂಶದಲ್ಲಿ ಇರುತ್ತೆ. ಅದೇ ಊರಿಗೆ ಫೋನ್ ಮಾಡಿದ್ರೆ ಬರೋ ಒಂದೇ ಪ್ರಶ್ನೆ "ಎಷ್ಟನೇ ಪ್ಲೇಸು?". ಮೊದಲ ಮೂರರಲ್ಲಿ ಇಲ್ಲ ಅಂದ್ರೆ ಮಾತು ಅಡಿಕೆ ರೇಟಿಗೆ ಹೋಗುತ್ತೆ. ನಂಗೆ ಬೇಜಾರಾಗೋದು ಇಲ್ಲೇ, ಹೆಪ್ಪುಗಟ್ಟಿದ ಜಾಡಲ್ಲಿ ಆ ಕಡೆಯಿಂದ ಈ ಕಡೆ ಬೀಳದೆ ಬಂದೆ ಅನ್ನೋದನ್ನ ಹೇಳ್ಕೊಳ್ಳೋಕೆ ನಮ್ಮಲ್ಲಿ ಜಾಗನೇ ಇಲ್ಲ.

ಹಾಗಂತ ಇಲ್ಲಿಯದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಇದು ದುಡ್ಡಿರೋರ ಆಟ ಆಗಿದೆ. ಕೆಸರಿನ ರೇಸಲ್ಲಿ ಮುಂದಿನೋರ ಜೊತೆ ಪೈಪೋಟಿ ಮಾಡ್ಬೇಕು ಅಂದ್ರೆ ಎರಡು ಸೈಕಲ್ ಬೇಕು, ಒಂದು ಓಡಿಸ್ತಿರುವಾಗ ಇನ್ನೊಂದನ್ನ ಪಿಟ್ಟಲ್ಲಿ (ಕೋರ್ಸಿನ ಪಕ್ಕ ಸೈಕಲ್ ಬದಲಾಯಿಸೋ ಜಾಗ) ಯಾರಾದ್ರೂ ಪ್ರೆಶರ್ ನೀರಲ್ಲಿ ತೊಳೆದು ರೆಡಿ ಇಟ್ಟಿರ್ಬೇಕು, ಅದರ ಮೇಲೆ ವಿಮಾನ, ಹೋಟೆಲ್, ಎಂಟ್ರಿ ಫೀಸು. ಸ್ಟಾರ್ಟ್ ಲೈನಲ್ಲಿ ನನ್ನ ಬಣ್ಣದೋರು ಕಾಣೋದೇ ಅಪರೂಪ. ನಮ್ಮ ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಹುಡುಗ ಹುಡುಗೀರನ್ನ ನೋಡಿ, ರೈತರ ಮನೆ ಮಕ್ಕಳು, ಸರ್ಕಾರಿ ಕ್ರೀಡಾ ಹಾಸ್ಟೆಲಲ್ಲಿ ಇದ್ಕೊಂಡು ಬಿಸಿಲಲ್ಲಿ ಹೈವೇ ಮೇಲೆ ಪ್ರಾಕ್ಟೀಸ್ ಮಾಡಿ ದೇಶದ ಪದಕ ತರ್ತಾರೆ. ಅವರಿಗೆ ಸೈಕಲ್ ಅಂದ್ರೆ ರೈಲ್ವೆಯಲ್ಲೋ ಸೈನ್ಯದಲ್ಲೋ ಒಂದು ನೌಕರಿ, ಮನೆಯೋರಿಗೆಲ್ಲ ಊಟ. ಆ ಶ್ರಮದ ಮುಂದೆ ನಮ್ಮ ವಾರಾಂತ್ಯದ ರೇಸು ಯಾವ ಲೆಕ್ಕ. ಆದ್ರೆ ನೌಕರಿ ಸಿಕ್ಕ ಮೇಲೆ, ಇಲ್ಲಾ ಸಿಗದೇ ಹೋದ್ಮೇಲೆ, ಅವರೂ ಸೈಕಲ್ ಬಿಟ್ಬಿಡ್ತಾರಲ್ಲ, ಮೂವತ್ತಕ್ಕೇ ಮುಗಿದುಹೋಗುತ್ತಲ್ಲ, ಅದು ನಂಗೆ ಸಂಕಟ. ನಮ್ಮಲ್ಲೂ ವಯಸ್ಸಾದೋರ ಮಾಸ್ಟರ್ಸ್ ಅಥ್ಲೆಟಿಕ್ಸ್ ಇದೆ, ಬೆಂಗಳೂರಲ್ಲಿ ಹವ್ಯಾಸಿ ಸೈಕಲ್ ರೇಸುಗಳು ನಡೀತವೆ, ನಂದಿಬೆಟ್ಟಕ್ಕೆ ಬೆಳಗಿನ ಜಾವ ಹತ್ತೋರು ಎಷ್ಟೋ ಜನ. ಊರುಗಳಿಗೆ ಅದು ಇಳಿದಿಲ್ಲ ಅಷ್ಟೇ.

ಇನ್ನೊಂದು ಘಟನೆ. 2015ರ ಜನವರೀಲಿ ಟೆಕ್ಸಸ್ಸಿನ ಆಸ್ಟಿನಲ್ಲಿ, ಝಿಲ್ಕರ್ ಪಾರ್ಕಲ್ಲಿ ನ್ಯಾಷನಲ್ಸ್ ಇದ್ದಾಗ ಮಳೆ ಬಂದು ನೆಲ ಮೆದುವಾಯ್ತು, ಭಾನುವಾರ ಎಲೀಟ್ ರೇಸುಗಳ ದಿನವೇ ನಗರದ ಪಾರ್ಕ್ ಇಲಾಖೆಯೋರು ಬಂದು ಹಳೇ ಮರಗಳ ಬೇರಿಗೆ ಪೆಟ್ಟಾಗುತ್ತೆ ಅಂತ ರೇಸ್ ನಿಲ್ಲಿಸಿಬಿಟ್ರು. ದೇಶದ ಮೂಲೆ ಮೂಲೆಯಿಂದ ಬಂದೋರು, ವಾಪಸ್ ಟಿಕೆಟ್ ಮಾಡ್ಸಿದ್ದೋರು, ಎಲ್ರಿಗೂ ಸಿಟ್ಟು. ಮಾತುಕತೆ ಆಗಿ ಸೋಮವಾರ ರೇಸ್ ನಡೀತು. ಅವತ್ತು ಸೈಕ್ಲಿಸ್ಟುಗಳು ಇಲಾಖೆನ ಬೈದಿದ್ದೇ ಬೈದಿದ್ದು, ನಂಗೆ ಮಾತ್ರ ಇಲಾಖೆ ಮಾಡಿದ್ದೇ ಸರಿ ಅನ್ಸುತ್ತೆ. ನ್ಯಾಷನಲ್ಸನ್ನೂ ನಿಲ್ಲಿಸೋಷ್ಟು ಬೆಲೆ ಒಂದು ಮರದ ಬೇರಿಗೆ ಇರೋ ಊರಲ್ಲಿ ಪಾರ್ಕನ್ನ ಆಟಕ್ಕೂ ಧೈರ್ಯವಾಗಿ ಬಿಟ್ಟುಕೊಡ್ತಾರೆ, ಯಾಕಂದ್ರೆ ಕಾಯೋರು ಇದ್ದಾರೆ ಅಂತ ಗೊತ್ತು. ನಮ್ಮ ಪಾರ್ಕುಗಳಲ್ಲಿ ಸೈಕಲ್ ನಿಷೇಧಿಸಲಾಗಿದೆ ಅನ್ನೋ ಬೋರ್ಡೇ ಮೊದಲು ಕಣ್ಣಿಗೆ ಬೀಳೋದು, ಅದೇ ಹೊತ್ತಿಗೆ ಮರದ ಬುಡಕ್ಕೆ ಕಾಂಕ್ರೀಟ್ ಸುರಿದಿರ್ತೀವಿ.

ಈಗ ನಂಗೆ ಹೇಳ್ಬೇಕಾಗಿರೋ ಮುಖ್ಯ ವಿಷಯ. ಸೈಕ್ಲೋಕ್ರಾಸಿಗೆ ಹಿಮನೇ ಬೇಕು ಅಂತೇನಿಲ್ಲ, ಕೆಸರು ಸಾಕು, ಕೆಸರಿನ ಆಟ ನಮಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ನಾಟಿ ಮುಗಿದ ಮೇಲೆ ಮಲೆನಾಡು, ಕೊಡಗು, ತುಳುನಾಡಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ನಡೆಯುತ್ತಲ್ಲ, ಅಲ್ಲಿ ಮಕ್ಕಳಿಗೆ, ಹೆಂಗಸರಿಗೆ, ಹಿರಿಯರಿಗೆ ಎಲ್ಲರಿಗೂ ಬೇರೆ ಬೇರೆ ಸ್ಪರ್ಧೆ ಇಡ್ತಾರೆ, ಅರವತ್ತು ದಾಟಿದ ಮಾವಂದಿರು ಪಂಚೆ ಎತ್ತಿ ಕಟ್ಟಿ ಓಡ್ತಾರೆ, ಬಿದ್ದೋರನ್ನ ಎಬ್ಬಿಸ್ತಾರೆ, ಕೊನೇಲಿ ಎಲ್ರಿಗೂ ಊಟ. ಇಲ್ಲಿ ನ್ಯಾಷನಲ್ಸಲ್ಲಿ ದನದ ಕೊರಳಿನ ಗಂಟೆ ಬಾರಿಸ್ಕೊಂಡು ಕೊನೆಯೋನಿಗೂ ಕೂಗು ಹಾಕೋ ಜನ ನೋಡಿದಾಗ ನಂಗೆ ನಮ್ಮ ಗದ್ದೆ ಬದುವಿನ ಜನನೇ ನೆನಪಾದ್ರು. ಅಂದ್ರೆ ದೊಡ್ಡೋರು ಆಡ್ಬಾರ್ದು ಅನ್ನೋ ಧೋರಣೆ ನಮ್ಮಲ್ಲಿ ವರ್ಷಕ್ಕೊಂದಿನ ಮಾಯ ಆಗುತ್ತೆ. ಆ ಒಂದಿನನ ಒಂದು ಸೀಸನ್ ಮಾಡೋಕಾಗಲ್ವಾ? ಇಲ್ಲಿಯೋರು ಮಾಡಿದ್ದು ಅಷ್ಟೇ, ವಾರ ವಾರ ಒಂದೊಂದು ಊರಿನ ಪಾರ್ಕಲ್ಲಿ ಸಣ್ಣ ರೇಸು, ಅದರ ಪಾಯಿಂಟು, ಆ ಪಾಯಿಂಟಿನ ಪ್ರಕಾರ ಸ್ಟಾರ್ಟಲ್ಲಿ ಜಾಗ, ಸೀಸನ್ ಕೊನೇಗೆ ನ್ಯಾಷನಲ್ಸ್.

ಕೊಪ್ಪ, ತೀರ್ಥಹಳ್ಳಿ, ಮೂಡಿಗೆರೆ, ಸಕಲೇಶಪುರ, ಯಾವ ಊರಾದ್ರೂ ಆಗುತ್ತೆ. ಒಂದು ಶಾಲೆ ಮೈದಾನ, ಪಕ್ಕದಲ್ಲಿ ಬೀಳುಬಿಟ್ಟ ಗದ್ದೆ, ತೋಟದ ಅಂಚಿನ ಒಂದು ಏರು, ಸುತ್ತ ಕಟ್ಟೋಕೆ ಹಗ್ಗ, ಅಡ್ಡ ಇಡೋಕೆ ಎರಡು ಹಲಗೆ. ದುಬಾರಿ ಕಾರ್ಬನ್ ಸೈಕಲ್ ಬೇಡ, ಹುಡುಗ್ರು ಶಾಲೆಗೆ ಹೋಗೋ ಸೈಕಲ್ಲಿಗೆ ದಪ್ಪ ಟೈರ್ ಹಾಕಿದ್ರೂ ನಡೆಯುತ್ತೆ, ಒಂದೇ ಷರತ್ತು ಅಂದ್ರೆ ಬ್ರೇಕ್ ಸರಿಯಿರ್ಬೇಕು, ಹೆಲ್ಮೆಟ್ ಇರ್ಬೇಕು. ನಲವತ್ತು ದಾಟಿದೋರಿಗೆ, ಐವತ್ತು ದಾಟಿದೋರಿಗೆ, ಹೆಂಗಸರಿಗೆ ಬೇರೆ ಬೇರೆ ರೇಸು ಮೊದಲನೇ ವರ್ಷದಿಂದಲೇ ಇರ್ಲಿ, ಆಮೇಲೆ ಸೇರಿಸೋಣ ಅಂದ್ರೆ ಅದು ಯಾವತ್ತೂ ಸೇರಲ್ಲ. ಫಲಿತಾಂಶದ ಹಾಳೇಲಿ ಎಲ್ಲರ ಹೆಸರೂ ಹಾಕಿ. ಯಾರಾದ್ರೂ ಮುಂದೆ ಬಂದ್ರೆ ಕೋರ್ಸ್ ಹಾಕೋದು, ಹಲಗೆ ಅಳತೆ, ಸುತ್ತು ಲೆಕ್ಕ ಇಡೋದು ಇವನ್ನೆಲ್ಲ ನಾನು ಹೇಳ್ಕೊಡ್ತೀನಿ, ಆಗಸ್ಟಲ್ಲಿ ಇಟ್ಕೊಂಡ್ರೆ ರಜೆ ಹಾಕಿ ಊರಿಗೇ ಬರ್ತೀನಿ, ನಲವತ್ತು ದಾಟಿದೋರ ರೇಸಿಗೆ ನನ್ನ ಹೆಸರು ಈಗ್ಲೇ ಬರ್ಕೊಳ್ಳಿ.