ಬೆನ್ನ ಮೇಲಿನ ಗುಲಾಬಿ

ಮೊನ್ನೆ ಭಾನುವಾರ ನಮ್ಮ ಅತ್ತೆಗೆ 70 ತುಂಬಿತು. ಕೇಕ್ ನಾನೇ ಮಾಡ್ತೇನೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಅವಸ್ಥೆ ಕೇಳಿ. ಮೊಬೈಲಿನಲ್ಲಿ ಸೇವ್ ಮಾಡಿಟ್ಟ ಕೇಕ್ ವಿಡಿಯೊ 143. ಮೊಣಕೈವರೆಗೆ ಕ್ರೀಮು. ಎದುರಿಗೆ ಎಲೆಕೋಸಿನಂಥ ಏನೋ ಒಂದು. ಅದು ಗುಲಾಬಿ. ಗುಲಾಬಿ ಎಂದು ಹೇಳಿದ ಮೇಲೂ ಮಗ ಎರಡು ಸಲ ಬಂದು ನೋಡಿಹೋದ. ಅತ್ತೆ ಮಾತ್ರ ಬಹಳ ಮರ್ಯಾದೆಯಿಂದ, "ಕೇಕಿಗೆ ಕೋಸು ಹಾಕುದು ಈಗಿನ ಕ್ರಮವಾ?" ಎಂದು ಕೇಳಿದರು.

ಇನ್ನೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನೋಡಿ ಕಲಿಯುವ ಜಾತಿ. ಇದನ್ನು ಕಂಡುಹಿಡಿದದ್ದು ಅಕ್ಕನ ಮಗಳು. ಬಿ.ಎಡ್. ಓದುತ್ತಿದ್ದಾಳೆ, ಹಾಗಾಗಿ ಅವಳ ಕೈಗೆ ಸಿಕ್ಕಿದವರೆಲ್ಲ ವಿದ್ಯಾರ್ಥಿಗಳೇ. ಒಂದು ದಿನ ಊಟಕ್ಕೆ ಬಂದವಳು 16 ಪ್ರಶ್ನೆಗಳ ಹಾಳೆ ಹಿಡಿದು ನನ್ನೆದುರು ಕೂತಳು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಎಂಬವರು ಮಾಡಿದ್ದಂತೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಕೈಯಾರೆ ಮಾಡಿ ಕಲಿಯುವವರು ಎಂದು ಜನರಲ್ಲಿ ನಾಲ್ಕು ಬಗೆಯಂತೆ. ಟಿಕ್ ಎಲ್ಲ ಲೆಕ್ಕ ಹಾಕಿ "ಚಿಕ್ಕಮ್ಮ, ನೀವು ಪಕ್ಕಾ ವಿಷುವಲ್ ಲರ್ನರ್" ಎಂದಳು. ಖುಷಿಯಲ್ಲಿ ಅವಳಿಗೆ ಒಂದು ಬಂಗುಡೆ ಜಾಸ್ತಿ ಬಡಿಸಿದೆ. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಸೋಮಾರಿತನಕ್ಕೆ ಒಂದು ಇಂಗ್ಲಿಷ್ ಹೆಸರು ಸಿಕ್ಕಿತ್ತು.

ಅಲ್ಲಿಂದ ಶುರುವಾಯಿತು ನೋಡಿ. "ನೋಡಿ ಕಲಿ, ಮಾಡಿ ತಿಳಿ" ಎಂಬ ಗಾದೆಯ ಮೊದಲ ಅರ್ಧವನ್ನೇ ಗಟ್ಟಿ ಹಿಡಿದು, ರಾತ್ರಿ ಪಾತ್ರೆ ತೊಳೆದ ಮೇಲೆ ಸೋಫಾದಲ್ಲಿ ಕಾಲು ಚಾಚಿ ವಿಡಿಯೊ ಮೇಲೆ ವಿಡಿಯೊ. "ಎಂತ ಮಾಡ್ತಾ ಇದ್ದೀ?" ಎಂದು ಇವರು ಕೇಳಿದರೆ "ಕಲೀತಾ ಇದ್ದೇನೆ" ಎನ್ನುವುದು. ಆದರೆ ಆ ವಿಡಿಯೊಗಳದ್ದೂ ಒಂದು ಕಥೆ. ಮೈದಾ ಜರಡಿ ಹಿಡಿಯುವುದನ್ನು ಎರಡು ನಿಮಿಷ ತೋರಿಸುತ್ತಾರೆ. ಅದು ನಮ್ಮ ಅಜ್ಜಿಗೂ ಗೊತ್ತಿತ್ತು. ಗುಲಾಬಿ ಎಸಳು ಬಿಡಿಸುವ ಹೊತ್ತಿಗೆ ಸಂಗೀತ ಜೋರಾಗುತ್ತದೆ, ಕೈ ಸರಸರ ಓಡುತ್ತದೆ, ಆರು ಸೆಕೆಂಡಿನಲ್ಲಿ ಹೂವು ತಯಾರು. ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನಿಲ್ಲಿಸಿ ನೋಡಿದರೂ ಕಾಣುವುದು ಉಗುರಿನ ಬಣ್ಣ ಮಾತ್ರ.

ಎದುರಿಗೇ ಕೂತು ನೋಡುವುದು ಒಳ್ಳೆಯದು ಎಂದು ಮಂಗಳೂರಿನ ಬಿಜೈ ಕಡೆ ಒಬ್ಬರು ಬಾಯಮ್ಮನ ಮನೆಗೆ ಕ್ಲಾಸಿಗೆ ಸೇರಿದೆ. ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎನ್ನುವುದು. ನಾಲ್ಕು ಶನಿವಾರ, ಮಧ್ಯಾಹ್ನ ಮೂರಕ್ಕೆ. ಬಾಯಮ್ಮನ ಕೈಗುಣ ಸುಮ್ನೆ ಅಲ್ಲ. ಕ್ರಿಸ್ಮಸ್ ಬಂತೆಂದರೆ ಅವರ ಮನೆಯ ಕುಸ್ವಾರ್ ತಿಂಡಿಗಳಿಗೆ ಅರ್ಧ ಬೀದಿ ಕಾಯುತ್ತದೆ. ಅವರ ಕ್ರೀಮಿನ ಗುಲಾಬಿ ಕಂಡರೆ ಮೂಸಿ ನೋಡುವ ಎಂದಾಗುತ್ತದೆ. ತೊಂದರೆ ಇದ್ದದ್ದು ಅಡುಗೆಮನೆಯಲ್ಲಿ. ಅದು ರೈಲು ಬೋಗಿಯಷ್ಟು ಅಗಲ. ಬಾಯಮ್ಮ ಕಟ್ಟೆಯ ಕಡೆ ಮುಖ ಮಾಡಿ ನಿಲ್ಲುವುದು, ಅವರ ಹಿಂದೆ ನಾವು ನಾಲ್ಕು ಜನ ಸಾಲಾಗಿ.

"ಈಗ ಸರಿ ನೋಡಿ. ಕೈ ಹೀಗೆ ಹಿಡಿಯುದು."

ಹೇಗೆ? ಕಾಣುವುದಿಲ್ಲ. ಕಾಣುವುದು ಬಾಯಮ್ಮನ ಬೆನ್ನು. ಆ ಬೆನ್ನ ಮೇಲೆ ತಿಳಿಹಳದಿ ನೈಟಿ, ನೈಟಿ ತುಂಬ ಕೆಂಪು ಗುಲಾಬಿ.

"ಸ್ವಲ್ಪ ಓರೆ. ಮತ್ತೆ ಹೀಗೆ ಒತ್ತುದು, ಹೀಗೆ ಬಿಡುದು. ಆಯ್ತಲ್ಲ?"

ತಿರುಗಿದರೆ ಕೈಯಲ್ಲಿ ಮೊಳೆಯಂಥ ಕಡ್ಡಿ, ಅದರ ತುದಿಯಲ್ಲಿ ಈಗಷ್ಟೇ ಅರಳಿದ ಹೂವು. ನಾವು ನಾಲ್ಕೂ ಜನ ಒಟ್ಟಿಗೆ "ಆಯ್ತು ಬಾಯಮ್ಮ" ಎನ್ನುವುದು. ಯಾಕೆ ಹಾಗೆ ಹೇಳುತ್ತಿದ್ದೆವೋ ಗೊತ್ತಿಲ್ಲ, ಶಾಲೆಯ ಅಭ್ಯಾಸ ಇರಬೇಕು. ಒಮ್ಮೆ ಧೈರ್ಯ ಮಾಡಿ "ಬಾಯಮ್ಮ, ಒಂಚೂರು ಈಚೆ ತಿರುಗಿ ಮಾಡ್ತೀರಾ?" ಎಂದು ಕೇಳಿದೆ. "ಅದಕ್ಕೆಂತ, ಮಾಡುವ" ಎಂದು ಪ್ರೀತಿಯಿಂದಲೇ ತಿರುಗಿದರು. ಆದರೆ ಅವರಿಗೆ ಹತ್ತಿರದ್ದು ಕಾಣಲು ಬಗ್ಗಬೇಕು. ಬಗ್ಗಿದರು. ಈಗ ಬೆನ್ನಿನ ಬದಲು ತಲೆ. ಬೈತಲೆ ನೇರ ಇತ್ತು, ಎರಡು ಹೇರ್‌ಪಿನ್ ಇತ್ತು. ಹೂವು ಎಲ್ಲೋ ಅದರ ಆಚೆ ಅರಳಿತು.

ನಾನು ನೋಡಿ ಕಲಿಯುವವಳಲ್ವಾ? ಹಾಗಾಗಿ ಕಂಡದ್ದನ್ನೇ ಕಲಿತೆ. ಆ ನೈಟಿಯ ಗುಲಾಬಿಗಳನ್ನು ಈಗಲೂ ಕಣ್ಣು ಮುಚ್ಚಿ ಬಿಡಿಸಬಲ್ಲೆ. ಒಂದು ಹೂವಿಗೆ ಒಂಬತ್ತು ಎಸಳು. ಎಡಗಡೆ ಒಂದೇ ಎಲೆ. ಬಲ ಭುಜದ ಹತ್ತಿರ ಹೊಲಿಗೆ ಬಂದು ಒಂದು ಹೂವು ಅರ್ಧಕ್ಕೇ ಕತ್ತರಿಸಿಹೋಗಿದೆ, ಉಳಿದರ್ಧ ತೋಳಿಗೆ ಹೋಗಿರಬೇಕು ಎಂದು ಹುಡುಕಿದರೆ ಅಲ್ಲಿ ಬೇರೆಯೇ ಹೂವು. ಮೂರನೇ ಶನಿವಾರ ಬಾಯಮ್ಮ ಗೀಟು ಗೀಟಿನ ನೈಟಿ ಹಾಕಿದ್ದರು. ಆ ದಿನ ನಾನೇನೂ ಕಲಿಯಲಿಲ್ಲ.

ಕೊನೆಯ ಶನಿವಾರ ಬೇಗ ಹೋಗಿ ಫ್ರಿಜ್ಜಿಗೂ ಗ್ರೈಂಡರಿಗೂ ನಡುವೆ ನುಗ್ಗಿ ನಿಂತೆ. ಉಸಿರು ಸಹ ಪೂರ್ತಿ ಎಳೆಯುವ ಹಾಗಿಲ್ಲ. ಆದರೆ ಕಂಡಿತು! ಕ್ರೀಮು ಹಿಂಡುವ ನಾಜಲಿನ ಬಾಯಿ ಒಂದು ಕಡೆ ಅಗಲ, ಒಂದು ಕಡೆ ಸಪೂರ. ಅಗಲದ ಕಡೆ ಕೆಳಗೆ ಬರಬೇಕು, ಸಪೂರದ್ದು ಮೇಲೆ. ನಡುವೆ ಮೊಗ್ಗಿನಂಥ ಗೋಪುರ, ಅದರ ಸುತ್ತ ಮೊದಲು ಮೂರು ಎಸಳು, ಆಮೇಲೆ ಐದು, ಆಮೇಲೆ ಏಳು. ಎಸಳು ಎಳೆಯುವಾಗ ಇನ್ನೊಂದು ಕೈ ಕಡ್ಡಿಯನ್ನು ತಿರುಗಿಸುತ್ತಲೇ ಇರಬೇಕು. ನಾನು ಇಷ್ಟು ದಿನ ಅಗಲದ್ದನ್ನು ಮೇಲೆ ಹಿಡಿದು ಕೋಸು ಬೆಳೆಯುತ್ತಿದ್ದೆ. ಮನೆಗೆ ಬಂದು ನೋಡಿದ ಹಾಗೇ ಮಾಡಿದೆ, ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿದೆ. ಎಸಳೆಲ್ಲ ನಾಜಲಿಗೆ ಸಿಕ್ಕಿ ಕಿತ್ತು ಬಂತು. ಫೋನ್ ಮಾಡಿದೆ.

"ನೀನು ಯಾವ ಕೈಯವಳು?"

"ಬಲಗೈ ಬಾಯಮ್ಮ."

"ಹಾಗಾದ್ರೆ ಉಲ್ಟಾ ತಿರುಗಿಸ್ಬೇಕು ಮಾರಾಯ್ತಿ. ನಾನು ಎಡಗೈ ಅಲ್ವಾ?"

ನಾಲ್ಕು ವಾರ. ಎಡಗೈ ಎಂದು ಯಾರಾದರೂ ಬೆನ್ನ ಮೇಲೆ ಬರೆದುಕೊಳ್ಳುತ್ತಾರಾ? ನೋಡುವವಳು ನೋಡಬೇಕಿತ್ತು. ಹೇಗೆ ನೋಡುವುದು, ಕೈ ಕಂಡಿದ್ದರಲ್ವಾ!

ಇರಲಿ. ಅತ್ತೆಯ ಹುಟ್ಟುಹಬ್ಬಕ್ಕೆ ಬರುತ್ತೇನೆ. ಮೇ ತಿಂಗಳ ಮಂಗಳೂರು. ಸ್ನಾನ ಮಾಡಿ ಬಂದರೆ ಮೈ ಒರೆಸುವ ಮೊದಲೇ ಬೆವರುವ ಸೆಕೆ. ಬೌಲು, ಬೀಟರಿನ ಕಡ್ಡಿ ಎಲ್ಲ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದೆ. ಆ ಫ್ರಿಜ್ಜಿನಲ್ಲೇ ಹಿಂದಿನ ದಿನದ ಬೂತಾಯಿ ಮೀನಿನ ಪುಳಿಮುಂಚಿಯೂ ಇತ್ತು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರೀಮು ಚೆಂದಕ್ಕೆ ಗಟ್ಟಿಯಾಗುತ್ತಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ಹಟಕ್ಕೆ ಬಿದ್ದು ಇನ್ನೊಂದು ನಿಮಿಷ ಬೀಟ್ ಮಾಡಿದ್ದಕ್ಕೆ ಗಿಣ್ಣಿನ ಹಾಗೆ ಒಡೆಯಿತು. ಎರಡನೇ ಪ್ಯಾಕೆಟ್ ಒಡೆದೆ. ಕೋನಿಗೆ ತುಂಬಿ ಹಿಡಿದರೆ ಅಂಗೈಯ ಬಿಸಿಗೇ ಕರಗುತ್ತದೆ. ಬಲಗೈಯಲ್ಲಿ ಎಳೆಯುವುದು ಹೋಗಿ, ಎಡಗೈಯಲ್ಲಿ ತಿರುಗಿಸುವುದು ಮರೆತು, ಹೂವಿನ ಮೇಲೆ ಹೂವು ಹಾಳು. ನಮ್ಮೂರ ಪಂಪ್‌ವೆಲ್ ಫ್ಲೈಓವರ್ ಕೂಡ ವರ್ಷಗಟ್ಟಲೆ ಎಳೆದು ಎಳೆದು 2020ರಲ್ಲಿ ಮುಗಿಯಿತು, ನನ್ನ ಒಂದು ಗುಲಾಬಿ ಮುಗಿಯಲೊಲ್ಲದು.

ಆ ಹೊತ್ತಿಗೇ ಬಂದಳು ನಮ್ಮ ಬಿ.ಎಡ್. "ಚಿಕ್ಕಮ್ಮ, ನಿಮಗೊಂದು ಹೇಳ್ಬೇಕು. ಆ ನೋಡಿ ಕಲಿಯುವವರು, ಕೇಳಿ ಕಲಿಯುವವರು ಉಂಟಲ್ಲ, ಅದಕ್ಕೆ ತಕ್ಕ ಹಾಗೆ ಪಾಠ ಮಾಡಿದ್ರೆ ಜಾಸ್ತಿ ಕಲೀತಾರೆ ಅನ್ನಲಿಕ್ಕೆ ಸರಿಯಾದ ಪುರಾವೆ ಇಲ್ಲವಂತೆ. 2008ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞರು ಎಲ್ಲ ಜಾಲಾಡಿ ಬರೆದಿದ್ದಾರೆ." ಅಷ್ಟಕ್ಕೇ ನಿಲ್ಲಿಸಿದಳಾ? ಇಲ್ಲ. 2018ರಲ್ಲಿ ಶಿಕಾಗೊದವರು ಇನ್ನೊಂದು ಪ್ರಯೋಗ ಮಾಡಿದರಂತೆ. ಮೇಜಿನ ಮೇಲಿನ ತಟ್ಟೆ ಲೋಟ ಅಲುಗದ ಹಾಗೆ ಬಟ್ಟೆಯನ್ನು ಸರಕ್ಕನೆ ಎಳೆಯುವ ವಿಡಿಯೊ. ಕೆಲವರಿಗೆ ಒಂದು ಸಲ ತೋರಿಸಿದರು, ಕೆಲವರಿಗೆ 20 ಸಲ. 20 ಸಲ ನೋಡಿದವರಿಗೆ ನಮಗಿದು ಬರುತ್ತದೆ ಎಂಬ ಧೈರ್ಯ ಜಾಸ್ತಿ. ಡಾರ್ಟ್ ಎಸೆಯುವ ವಿಡಿಯೊ ತೋರಿಸಿ ನಿಜಕ್ಕೂ ಎಸೆಯಲು ಹೇಳಿದರೆ, ಎಷ್ಟು ಸಲ ನೋಡಿದವರೂ ಒಂದೇ. ನಾನು 143 ವಿಡಿಯೊ ನೋಡಿದವಳು, ಲೆಕ್ಕ ನೀವೇ ಹಾಕಿ. ಆವತ್ತು ಕೊಟ್ಟ ಬಂಗುಡೆಯನ್ನು ವಾಪಸ್ ಕೇಳುವ ಹಾಗಿರಲಿಲ್ಲ.

ಕೈ ತೊಳೆಯುತ್ತಾ ಅಮ್ಮನ ನೆನಪಾಯಿತು. ನನ್ನ ತವರು ಉಡುಪಿ ಕಡೆಯ ಶಂಕರಪುರದ ಹತ್ತಿರ, ಮಲ್ಲಿಗೆಯ ಊರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಕೊಯ್ದ ಮೊಗ್ಗು ರಾಶಿ ಹಾಕಿಕೊಂಡು ಅಮ್ಮ ಬಾಳೆನಾರಿನಲ್ಲಿ ಕಟ್ಟುತ್ತಿದ್ದರೆ ನಾನು ಎದುರು ಕೂತು ನೋಡುತ್ತಿದ್ದೆ. ನೋಡಿಯೇ ಕಲಿತೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಯೋಚಿಸಿದರೆ ನನ್ನ ಮಡಿಲಲ್ಲೂ ಒಂದು ತುಂಡು ನಾರು ಇರುತ್ತಿತ್ತು, ತೊಟ್ಟು ಮುರಿದ ಮೊಗ್ಗುಗಳು ನನ್ನ ಪಾಲಿಗೆ. ನಾನು ಕಟ್ಟಿದ್ದನ್ನೆಲ್ಲ ನಾನು ಶಾಲೆಗೆ ಹೋದ ಮೇಲೆ ಅಮ್ಮ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳಂತೆ. ಅಕ್ಕ ಹೇಳಿದ್ದು, ಅಮ್ಮ ಹೋದ ಮೇಲೆ. ಅಮ್ಮ ಒಂದು ದಿನವೂ ಹೇಳಿರಲಿಲ್ಲ.

ಕೊನೆಗೆ ಕೋಸುಗಳನ್ನೆಲ್ಲ ಕೆರೆದು ತೆಗೆದೆ. ಕ್ರೀಮನ್ನು ಚಪ್ಪಟೆ ಸವರಿ, ಸಣ್ಣ ತೂತಿನ ನಾಜಲ್ ಹಿಡಿದು, ಎದ್ದು ನಿಲ್ಲುವ ಗುಲಾಬಿಯ ಆಸೆ ಬಿಟ್ಟು ಮೇಲಿಂದ ಮೇಲೆ ಚಿತ್ರ ಬಿಡಿಸಿದೆ. ಕೈ ತಾನಾಗಿ ಓಡಿತು. ಅರ್ಧ ಗಂಟೆಯಲ್ಲಿ ಕೇಕ್ ತುಂಬ ಕೆಂಪು ಹೂವು. "ಹುಟ್ಟುಹಬ್ಬದ ಶುಭಾಶಯಗಳು" ಎಂದು ಕನ್ನಡದಲ್ಲೇ ಬರೆಯಲು ಹೋಗಿ ಒತ್ತಕ್ಷರಗಳೆಲ್ಲ ಅಂಚಿನಿಂದ ಕೆಳಗಿಳಿದವು, "ಗಳು" ತಟ್ಟೆಯ ಮೇಲೆ ಬಂತು. ಅತ್ತೆ ಅದನ್ನೇ ಮೊದಲು ಬೆರಳಲ್ಲಿ ತೆಗೆದು ತಿಂದರು.

ಸಂಜೆ ಬಾಯಮ್ಮನೂ ಬಂದಿದ್ದರು, ನೀಲಿ ಸೀರೆ ಉಟ್ಟು. ಕನ್ನಡಕ ಹಾಕಿ ಕೇಕಿನ ಸುತ್ತ ಒಂದು ಸುತ್ತು ಬಂದರು.

"ಚಂದ ಉಂಟು. ಎಲ್ಲಿಯೋ ನೋಡಿದ ಹಾಗೆ ಉಂಟಲ್ಲ ಈ ಹೂವು?" ಎಂದರು. ನಾನು ಸುಮ್ಮನಿದ್ದೆ. "ಎಲ್ಲ ಸರಿ ಮಾರಾಯ್ತಿ, ಇದೊಂದು ಯಾಕೆ ಅರ್ಧ ಮಾಡಿ ಬಿಟ್ಟದ್ದು?"

"ಅಲ್ಲಿ ಹೊಲಿಗೆ ಬರ್ತದೆ ಬಾಯಮ್ಮ" ಎಂದುಬಿಟ್ಟೆ.