ಎಷ್ಟು ರೌಂಡ್ ಆಯ್ತು?

ರಜೆಗೆ ಬೆಂಗಳೂರಿಗೆ ಹೋದಾಗ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ಬೆಳಗ್ಗೆಯೇ ಬೈಸಿಕೊಂಡೆ. "ಏನ್ರೀ, ಉಲ್ಟಾ ಬರ್ತಿದೀರಲ್ಲ, ಬೋರ್ಡ್ ನೋಡ್ಲಿಲ್ವಾ?" ಮಂಕಿ ಕ್ಯಾಪ್ ಹಾಕಿದ್ದ ಹಿರಿಯರೊಬ್ಬರು ಕೇಳಿದರು. ಒನ್‌ವೇಯಲ್ಲಿ ಬೈಕ್ ನುಗ್ಗಿಸಿದವನಿಗೆ ಬೈಯುತ್ತಾರಲ್ಲ, ಅದೇ ದನಿ. ಬೋರ್ಡು ಇತ್ತು. ಬಾಣದ ಗುರುತು ಇದ್ದ ಕಡೆಗೇ ನಡೆಯಬೇಕು, ಓಡಬಾರದು, ನಾಯಿ ತರಬಾರದು, ಹುಲ್ಲಿನ ಮೇಲೆ ಕೂರಬಾರದು, ಹೂ ಕೀಳಬಾರದು. ಆ ಬೋರ್ಡಿನ ಪಕ್ಕದಲ್ಲೇ ಒಬ್ಬರು ಆಂಟಿ ಕವರ್ ತುಂಬ ಕಣಗಿಲೆ ಬಿಡಿಸುತ್ತಿದ್ದರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಪೂಜೆಗೆ ಅಲ್ವಾ.

ದಿಕ್ಕು ಬದಲಾಯಿಸಿದೆ. ಸ್ವಲ್ಪ ಹೊತ್ತಿಗೆ ಅದೇ ಹಿರಿಯರು ಹಿಂದಿನಿಂದ ಬಂದು ಜೊತೆಯಾಗಿ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಕೇಳಿದರು: "ಎಷ್ಟು ರೌಂಡ್ ಆಯ್ತು?"

ಸಿಂಗಪುರಕ್ಕೆ ಬಂದ ಮೇಲೆ ಈ ಪ್ರಶ್ನೆ ನನಗೆ ಯಾರೂ ಕೇಳಿಲ್ಲ. ಕೇಳುವ ಹಾಗೂ ಇಲ್ಲ, ಯಾಕೆಂದರೆ ಇಲ್ಲಿ ನಾನು ಸುತ್ತು ಹಾಕುವುದಿಲ್ಲ. ಇಲ್ಲಿಂದ ಅಲ್ಲಿಗೆ ಹೋಗುತ್ತೇನೆ.

ನಾವಿರುವುದು ಅಂಗ್ ಮೋ ಕಿಯೋ ಕಡೆ. ಲಿಫ್ಟ್ ಇಳಿದು ರಸ್ತೆ ದಾಟಿದರೆ ಬಿಶಾನ್ ಪಾರ್ಕು. ಬೇಲಿ ಇಲ್ಲ, ಗೇಟು ಇಲ್ಲ, ವಿಸಿಲ್ ಊದುವ ವಾಚ್‌ಮನ್ ಇಲ್ಲ. ಮಧ್ಯದಲ್ಲಿ ಕಲ್ಲಾಂಗ್ ನದಿ ಹರಿಯುತ್ತದೆ. ಈಗ ನೋಡಿದರೆ ಇದು ಮೊದಲಿಂದಲೂ ಹೀಗೇ ಇತ್ತೇನೋ ಅನಿಸುತ್ತದೆ, ಆದರೆ ಇದು 2.7 ಕಿಲೋಮೀಟರಿನ ನೆಟ್ಟಗಿನ ಕಾಂಕ್ರೀಟ್ ಕಾಲುವೆಯಾಗಿತ್ತು. ಅದನ್ನು ಒಡೆದು, ಕಲ್ಲು ಗಿಡ ಹುಲ್ಲು ಹಾಕಿ, 3.2 ಕಿಲೋಮೀಟರಿನ ಅಂಕುಡೊಂಕು ನದಿ ಮಾಡಿ 2012ರಲ್ಲಿ ಜನರಿಗೆ ಬಿಟ್ಟರು. ಮಳೆ ಜಾಸ್ತಿಯಾದರೆ ನೀರು ಹುಲ್ಲಿನ ಮೇಲೆ ಹರಡುತ್ತದೆ, ಆಮೇಲೆ ಇಳಿಯುತ್ತದೆ. ನೀರುನಾಯಿಗಳು ಬಂದು ಸಂಸಾರ ಹೂಡಿವೆ. ಪಾರ್ಕು ಮುಗಿದರೂ ದಾರಿ ಮುಗಿಯುವುದಿಲ್ಲ. ನೀರಿನ ಬದಿ ಹಿಡಿದು ಹೊರಟರೆ ಟೋವಾ ಪಾಯೋ ಕಡೆಗೆ ಇಳಿದು, ಮಧ್ಯೆ ಅಲ್ಲಲ್ಲಿ ರಸ್ತೆ ದಾಟಿಕೊಂಡು, ಕಲ್ಲಾಂಗ್ ತನಕ ಹೋಗಬಹುದು.

ಇದಕ್ಕೆ ಇಲ್ಲಿನವರು ಪಾರ್ಕ್ ಕನೆಕ್ಟರ್ ಅನ್ನುತ್ತಾರೆ. 1990ರ ದಶಕದಲ್ಲಿ ಶುರು ಮಾಡಿದ್ದು. ಹೊಸ ಜಾಗ ಎಲ್ಲಿಂದ ತರುವುದು? ಊರೇ ಚಿಕ್ಕದು. ಚರಂಡಿ, ಕಾಲುವೆ, ರಸ್ತೆಗಳ ಪಕ್ಕದಲ್ಲಿ ಹೇಗೂ ಬಿಡಲೇಬೇಕಾದ ಪಟ್ಟಿ ಇರುತ್ತದಲ್ಲ, ಅದನ್ನೇ ಹಿಡಿದು ಒಂದು ಪಾರ್ಕಿಗೆ ಇನ್ನೊಂದು ಪಾರ್ಕನ್ನು ಜೋಡಿಸುತ್ತಾ ಹೋದರು. ಈಗ ಅದೇ 300 ಕಿಲೋಮೀಟರಿಗೂ ಜಾಸ್ತಿ ಆಗಿದೆ. ಪಶ್ಚಿಮದ ಜುರಾಂಗ್ ಕೆರೆಯಿಂದ ಈಶಾನ್ಯದ ಕೋನಿ ದ್ವೀಪದವರೆಗೆ 36 ಕಿಲೋಮೀಟರ್ ಒಂದೇ ದಾರಿಯಾಗಿ ನಡೆಯಬಹುದು.

ಅಪ್ಪ ಇಲ್ಲಿಗೆ ಬಂದಿದ್ದಾಗ ರೈಲ್ ಕಾರಿಡಾರಿಗೆ ಕರೆದುಕೊಂಡು ಹೋಗಿದ್ದೆ. ಮಲೇಷ್ಯಾದ ರೈಲು ಓಡುತ್ತಿದ್ದ ಹಳಿಯ ಜಾಗ ಅದು. ಕೊನೆಯ ರೈಲು 2011ರ ಜೂನ್ 30ರ ರಾತ್ರಿ ಹೊರಟಿತು, ಮಲೇಷ್ಯಾದ ಜೋಹೋರ್ ರಾಜ್ಯದ ಸುಲ್ತಾನರೇ ಅದನ್ನು ಓಡಿಸಿಕೊಂಡು ಹೋದರು. ಆಮೇಲೆ ಊರಿನ ಉದ್ದಕ್ಕೂ 24 ಕಿಲೋಮೀಟರ್ ಖಾಲಿ ಪಟ್ಟಿ ಉಳಿಯಿತು. ನಮ್ಮಲ್ಲಾಗಿದ್ದರೆ ಏನೇನು ಎದ್ದಿರುತ್ತಿತ್ತು ಅಂತ ಲೆಕ್ಕ ಹಾಕುವುದು ಬೇಡ ಬಿಡಿ. ಇಲ್ಲಿ ನಡೆಯುವವರಿಗೆ ಬಿಟ್ಟರು. ಬುಕಿಟ್ ತಿಮಾದ ಹಳೇ ಸ್ಟೇಷನ್ನು, ಕಬ್ಬಿಣದ ಸೇತುವೆ, ಎರಡೂ ಬದಿ ಕಾಡು.

ಅಪ್ಪನಿಗೆ ಮೊದಲ ಅರ್ಧ ಗಂಟೆ ಬಹಳ ಖುಷಿ. ಆಮೇಲೆ ಚಡಪಡಿಕೆ ಶುರುವಾಯಿತು. "ಎಲ್ಲಿ ತಿರುಗ್ಕೊಳ್ಳೋದು?" ತಿರುಗಿಕೊಳ್ಳುವುದಿಲ್ಲ ಅಪ್ಪ, ಹಿಲ್‌ವ್ಯೂ ಹತ್ತಿರ ಎಂಆರ್‌ಟಿ ಮೆಟ್ರೋ ಹತ್ತಿ ಮನೆಗೆ ಹೋಗುವುದು ಅಂದೆ. ಅವರಿಗೆ ಅದು ವಾಕಿಂಗ್ ಅಂತಲೇ ಅನಿಸಲಿಲ್ಲ. ಶುರು ಮಾಡಿದ ಜಾಗಕ್ಕೆ ವಾಪಸ್ ಬರದಿದ್ದರೆ ಎಷ್ಟು ನಡೆದೆ ಅಂತ ಹೇಗೆ ಗೊತ್ತಾಗಬೇಕು? ಫೋನಿನಲ್ಲಿ ಹೆಜ್ಜೆ ಲೆಕ್ಕ ತೋರಿಸಿದೆ. ನಂಬಲಿಲ್ಲ.

ನೇರ ನಡೆಯುವುದು ನಮಗೆ ಗೊತ್ತಿಲ್ಲ ಅಂತಲ್ಲ. ಉತ್ತರ ಕರ್ನಾಟಕದಿಂದ ಯುಗಾದಿಗೆ ಶ್ರೀಶೈಲಕ್ಕೆ ನಡೆಯುತ್ತಾರೆ. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆಯುತ್ತಾರೆ, ಚಾರ್ಮಾಡಿ ಘಾಟಿ ಇಳಿದು. ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಾರೆ. ಅಂದರೆ ದೇವರಿಗಾದರೆ ನೇರ, ಶುಗರ್ ಬಿಪಿಗಾದರೆ ಸುತ್ತು. ಪಾರ್ಕಿನಿಂದ ಪಾರ್ಕಿಗೆ, ಕೆರೆಯಿಂದ ಕೆರೆಗೆ ಸುಮ್ನೆ ಒಂದು ದಾರಿ ಬೇಕು ಅಂತ ಯಾವ ಕಾರ್ಪೊರೇಟರ್ ಹತ್ತಿರವೂ ಯಾರೂ ಕೇಳಿದ ಹಾಗಿಲ್ಲ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆ ದಾರಿ ಬೆಂಗಳೂರಿನಲ್ಲಿ ಇತ್ತು! ನಮ್ಮ ಕೆರೆಗಳು ಒಂಟಿ ಕೆರೆಗಳಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು, ಅಲ್ಲಿಂದ ಇನ್ನೊಂದಕ್ಕೆ. ಸಿಂಗಪುರದವರು ಕಾಂಕ್ರೀಟ್ ಕಾಲುವೆ ಒಡೆದು ನದಿ ಮಾಡಿಕೊಂಡರು. ನಾವು ಆ ಸರಪಳಿಯನ್ನು ಒಂದೊಂದೇ ಕೊಂಡಿ ಕಳಚಿ ಬಿಡಿ ಕೆರೆಗಳನ್ನು ಮಾಡಿಕೊಂಡೆವು. ಈಗ ಕೆರೆ ಅಭಿವೃದ್ಧಿ ಅಂದರೆ ಹೂಳು ತೆಗೆಯುವುದು, ಏರಿ ಮೇಲೆ ಟ್ರ್ಯಾಕು, ಸುತ್ತ ಬೇಲಿ, ಒಂದು ಗೇಟು, ಮೂಲೆಯಲ್ಲಿ ಹಳದಿ ನೀಲಿ ಬಣ್ಣದ ಓಪನ್ ಜಿಮ್ಮು. ಮಧ್ಯದ ರಾಜಕಾಲುವೆ ಮಾತ್ರ ಮನೆಗಳ ಬೆನ್ನ ಹಿಂದೆ ಮೂಗು ಮುಚ್ಚಿಕೊಂಡು ದಾಟುವ ಮೋರಿ.

ದೊಡ್ಡ ಪಾರ್ಕುಗಳ ಕಥೆಯೂ ಅಷ್ಟೇ. ಲಾಲ್‌ಬಾಗ್ 240 ಎಕರೆ, ಕಬ್ಬನ್ ಪಾರ್ಕು 1870ರಿಂದ ಇದೆ. ಎರಡರ ಮಧ್ಯೆ ಹೆಚ್ಚೆಂದರೆ ಮೂರು ನಾಲ್ಕು ಕಿಲೋಮೀಟರ್. ಲಾಲ್‌ಬಾಗಿನ ಬಂಡೆ ಇಳಿದು ಕಬ್ಬನ್ ಪಾರ್ಕಿನ ಬಿದಿರು ಮೆಳೆಗೆ ನೆರಳಿನಲ್ಲೇ ನಡೆದುಹೋಗುವ ಹಾಗಿದ್ದರೆ! ಹಾಗೆ ನಡೆದವರು ಯಾರಾದರೂ ಇದ್ದರೆ ಅವರು ಆಟೋ ಸಿಗದೆ ನಡೆದವರು. ಇನ್ನು ಬಡಾವಣೆಯ ಪಾರ್ಕುಗಳು ಮಧ್ಯಾಹ್ನ ಬೀಗ ಹಾಕಿಕೊಂಡು ಮಲಗುತ್ತಿದ್ದವು. 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಆದೇಶವಾಯಿತು. ಅದನ್ನೂ ಆದೇಶ ಮಾಡಬೇಕಾಯಿತು.

ಇಷ್ಟೆಲ್ಲ ಅಪ್ಪನ ಮುಂದೆ ಹೇಳಿದಾಗ ಅವರು ಒಂದೇ ಮಾತು ಕೇಳಿದರು. "ಬೇಲಿ ಹಾಕ್ದಿದ್ರೆ ಕೆರೆ ಇರ್ತಿತ್ತಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಇದೆ. ಉಳಿದ ಕೆರೆಗಳಿಗಾಗಿ ಕೋರ್ಟು ಕಚೇರಿ ಅಲೆದವರು ಅಕ್ಕಪಕ್ಕದ ಬಡಾವಣೆಗಳ ಜನರೇ, ಬಹುಪಾಲು ಇದೇ ಸುತ್ತು ಹಾಕುವ ಗುಂಪು. ದಿನಾ ಸುತ್ತುವವರಿಗೆ ಎಲ್ಲಿ ಮಣ್ಣು ಸುರಿದಿದ್ದಾರೆ ಅಂತ ಮೊದಲು ಗೊತ್ತಾಗುತ್ತದೆ.

ಇನ್ನೊಂದನ್ನೂ ಹೇಳಬೇಕು, ಹೇಳುವ ಮನಸ್ಸಿಲ್ಲ. ನೇರ ದಾರಿಯಲ್ಲಿ ಯಾರೂ ಎರಡನೇ ಸಲ ಸಿಗುವುದಿಲ್ಲ. ಇಲ್ಲಿ ನನ್ನ ಪಕ್ಕದಲ್ಲಿ ಹಾದುಹೋಗುವವರ ಕಿವಿಯಲ್ಲಿ ಇಯರ್‌ಫೋನು, ಹಿಂದಿನಿಂದ ಸೈಕಲ್ ಬೆಲ್ಲು. ಇಷ್ಟು ವರ್ಷಗಳಲ್ಲಿ ಅಪರಿಚಿತರು ತಾವಾಗಿ ಮಾತಾಡಿಸಿದ್ದು ನೀರುನಾಯಿ ತೋರಿಸಲಿಕ್ಕೆ ಮಾತ್ರ. ಅಲ್ಲಿ ಅಪ್ಪ ಜ್ವರ ಬಂದು ಪಾರ್ಕಿಗೆ ಹೋಗದಿದ್ದಾಗ ಅವರ ಗುಂಪಿನವರು ಮನೆ ಹುಡುಕಿಕೊಂಡು ಬಂದರು, ಬಂದವರು ಕಾಫಿ ಕುಡಿದು ಚುನಾವಣೆ ವಿಷಯ ಜಗಳ ಆಡಿಯೇ ಹೋದರು ಅಂತ ಅಮ್ಮ ಫೋನಿನಲ್ಲಿ ಹೇಳಿದರು. ಆ ಗುಂಪಿನಲ್ಲಿ ನನ್ನನ್ನು ಬೈದ ಮಂಕಿ ಕ್ಯಾಪಿನವರೂ ಇದ್ದರಂತೆ.

ಆದರೂ ನನ್ನ ಹಟ ಬಿಟ್ಟಿಲ್ಲ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿಗೆ ಹೋಗುವ ರಾಜಕಾಲುವೆಯನ್ನು ಕೆ-100 ಅಂತ ಹೆಸರಿಟ್ಟು ಸರಿಮಾಡುತ್ತಿದ್ದಾರಲ್ಲ, ಶಾಂತಿನಗರದ ಹತ್ತಿರ ಬದಿಯಲ್ಲಿ ನಡೆಯುವ ದಾರಿಯೂ ಆಗಿದೆ. ಅದು ಬೆಳ್ಳಂದೂರಿನ ತನಕ ಮುಟ್ಟಿದರೆ ಬೆಂಗಳೂರಿಗೆ ಮೊದಲ ನೇರ ವಾಕಿಂಗ್ ಸಿಕ್ಕಿದ ಹಾಗೆ. ಮುಂದಿನ ಸಲ ಬಂದಾಗ ಇಬ್ಬರೂ ಆಗಿರುವಷ್ಟು ದೂರ ನಡೆಯೋಣ ಅಂತ ಅಪ್ಪನಿಗೆ ಹೇಳಿದ್ದೇನೆ. ಆಯ್ತು ಅಂದಿದ್ದಾರೆ, ಆದರೆ ಮೊದಲು ಪಾರ್ಕಿನಲ್ಲಿ ಅವರ ಐದು ರೌಂಡ್ ಮುಗಿಯಬೇಕಂತೆ.